ದಾರಿಗೆಂದು ಕೊಟ್ಟ ಕೇಕು

ಟಾಮ್ಸಿನ್‌ಗೆ ತನ್ನ ಕುತ್ತಿಗೆಯದೇ ಚಿಂತೆ. ಬೇರೆಯವರಿಗೆ ನಾಚಿಕೆಯಾದರೆ ಕೆನ್ನೆ ಕೆಂಪಾಗುತ್ತದೆ. ಅದರಲ್ಲಿ ಒಂದು ಚೆಂದವಾದರೂ ಇರುತ್ತದೆ. ಇವಳಿಗೆ ಮಾತ್ರ ನಾಲ್ಕು ಜನರ ಎದುರು ಬಾಯಿ ತೆರೆಯಬೇಕಾಗಿ ಬಂದ ಕೂಡಲೇ ಎದೆಯ ಮೇಲಿಂದ ಗಂಟಲಿನವರೆಗೆ, ತುರಿಕೆ ಸೊಪ್ಪು ತಾಗಿದ ಹಾಗೆ, ಕೆಂಪು ಕೆಂಪು ತೇಪೆಗಳು. ಅದಕ್ಕೇ ಬಿಸಿಲು ಬಿದ್ದ ದಿನವೂ ಅವಳ ಕೊರಳಿಗೆ ಸ್ಕಾರ್ಫು. ‘ಇವತ್ತು ಓದಿದ್ದು ಬರೀ ಗೈರುಹಾಜರಾದವರ ಹೆಸರು. ಎರಡೇ ಹೆಸರು. ಆದರೂ ಬಂತು’ ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದಳು. ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ: ‘ಈ ಕೆಲಸ ಬಿಟ್ಟುಬಿಡಬೇಕು. ಆದರೆ ಬಿಡುತ್ತೇನೆ ಅಂತ ಹೇಳುವುದಕ್ಕೂ ಬಾಯಿ ತೆರೆಯಬೇಕಲ್ಲ.’

ಕೆಲಸ ಅಂದರೆ ಆಶ್‌ಲೋ ಊರಿನ ಪ್ಯಾರಿಷ್ ಕೌನ್ಸಿಲ್ಲಿನ, ಅಂದರೆ ಊರ ಪಂಚಾಯ್ತಿಯ, ಗುಮಾಸ್ತಿಕೆ. ಚರಿತ್ರೆಯಲ್ಲಿ ಡಿಗ್ರಿ ಮುಗಿಸಿ, ಎಲ್ಲೂ ನೆಲೆ ಕಾಣದೆ, ಅಜ್ಜಿಯ ಮನೆಯ ಮಾಳಿಗೆ ಕೋಣೆಗೆ ವಾಪಸು ಬಂದಿದ್ದ ಹುಡುಗಿಯನ್ನು ಪೋಸ್ಟಾಫೀಸಿನ ಕ್ಯೂನಲ್ಲಿ ಮಿಸ್ಟರ್ ಪ್ರೀಸ್ ಹಿಡಿದುಕೊಂಡಿದ್ದರು. “ಟಾಮ್ಸಿನ್, ನಿನ್ನ ಕೈಬರಹ ಚೆನ್ನಾಗಿತ್ತಲ್ಲ?” ಅಂದರು, ಅಷ್ಟೇ. ಪ್ರೀಸ್ ಕೌನ್ಸಿಲ್ಲಿನ ಅಧ್ಯಕ್ಷರು. ಅದಕ್ಕೆ ಮೊದಲು ಊರಿನ ಶಾಲೆಯ ಹೆಡ್ಮಾಸ್ತರು. ಅವರ ಎದುರು ‘ಇಲ್ಲ’ ಅನ್ನುವುದನ್ನು ಅವಳು ಕಲಿತಿರಲಿಲ್ಲ. ಕಲಿಸಬೇಕಾಗಿದ್ದವರೂ ಅವರೇ.

ಈ ಕೆಲಸದಲ್ಲಿ ಅವಳಿಗೆ ಹಿಡಿಸಿದ ನಿಯಮ ಒಂದೇ: ಹಾಜರಿ ಓದುವುದೊಂದು ಬಿಟ್ಟರೆ ಸಭೆಯಲ್ಲಿ ಗುಮಾಸ್ತೆ ಮಾತಾಡಬಾರದು. ಸದಸ್ಯರು ಮಾತಾಡುತ್ತಾರೆ, ಅವಳು ನಡಾವಳಿ ಬರೆಯುತ್ತಾಳೆ. ಅದರಲ್ಲೂ ಆಡಿದ್ದನ್ನೆಲ್ಲ ಬರೆಯುವಂತಿಲ್ಲ, ಠರಾವಾದದ್ದು ಮಾತ್ರ. ಹೀಗಾಗಿ ಮಾರ್ಜರಿ ಗಾಡ್ಸಾಲ್ ಎಂಬ ಹಿರಿಯ ಸದಸ್ಯೆ, ಪಬ್ಬು ನಡೆಸುವ ಡೆಸ್‌ಗೆ, “ಆ ತೊಟ್ಟಿಯೊಳಗಿರೋದೂ ನಿನ್ನ ತಲೆಯೊಳಗಿರೋದೂ ಒಂದೇ, ಡೆಸ್” ಅಂದದ್ದು ನಡಾವಳಿಯಲ್ಲಿ ‘ನಾಯಿ ಗಲೀಜಿನ ತೊಟ್ಟಿಯ ಬಗ್ಗೆ ಸದಸ್ಯರು ವಿಚಾರ ವಿನಿಮಯ ಮಾಡಿದರು’ ಎಂದಾಗುತ್ತಿತ್ತು. ಸಣ್ಣ ಊರು. ಬೇಲಿ ಸವರುವುದು, ಬಸ್ ನಿಲ್ದಾಣದ ಬೆಂಚಿಗೆ ಬಣ್ಣ, ಕ್ರಿಸ್ಮಸ್ ಮರದ ದೀಪ, ಸ್ಮಶಾನದ ಹುಲ್ಲು. ಊರು ಸಣ್ಣದಾದಷ್ಟೂ ಮಾತು ದೊಡ್ಡದು.

ಮೇ ತಿಂಗಳ ಮೊದಲ ವಾರ ಕೇಕಿನ ದಿನ ಬಂತು. ಗುಮಾಸ್ತೆಯಾಗಿ ಅವಳಿಗೆ ಅದು ಮೊದಲನೆಯದು.

ಇಗರ್ಜಿಯ ಹಿಂಬದಿಯಿಂದ ಹೊರಟು, ಎಡ್ವಿನ್ ಬಫ್ಟನ್ನರ ಸೇಬಿನ ತೋಟ ದಾಟಿ, ಅವರ ಹುಲ್ಲುಗಾವಲಿನ ಅಂಚು ಹಿಡಿದು ಶಾಲೆಯ ಹತ್ತಿರ ಹೋಗಿ ಸೇರುವ ಒಂದು ಕಾಲುದಾರಿ ಇದೆ. ಆಶ್‌ಲೋದಲ್ಲಿ ಹುಟ್ಟಿದವರೆಲ್ಲ ಅದರ ಮೇಲೇ ನಡೆಯುವುದನ್ನು ಕಲಿತವರು. ಅದನ್ನು ಬಿಟ್ಟರೆ ಇರುವುದು ಗಿರಣಿ ತಿರುವಿನ ಟಾರು ರಸ್ತೆ. ಎರಡೂ ಕಡೆ ಆಳೆತ್ತರದ ಬೇಲಿ, ಮಧ್ಯೆ ಹಾಲಿನ ಲಾರಿ ಬಂದರೆ ಮನುಷ್ಯ ಬೇಲಿಯೊಳಗೇ ತೂರಿಕೊಳ್ಳಬೇಕು. ಆ ದಾರಿಗಾಗಿ ವರ್ಷಕ್ಕೊಮ್ಮೆ ಕೌನ್ಸಿಲ್ಲಿನವರು ಬಫ್ಟನ್ನರ ಅಂಗಳಕ್ಕೆ ಹೋಗಿ ಕೇಕು ಕೊಟ್ಟು ಬರುವುದು ಊರಿನ ಪದ್ಧತಿ. ಮಾಡುವುದು ಟಾಮ್ಸಿನ್‌ಳ ಅಜ್ಜಿ ವಿನ್ನಿ, ಕೊಡುವುದು ಕೌನ್ಸಿಲ್ಲು. ನಿಂಬೆಹಣ್ಣಿನ ಕೇಕು, ಮೇಲೆ ಸಕ್ಕರೆಯಲ್ಲಿ ಅದ್ದಿ ಒಣಗಿಸಿದ ವಯೊಲೆಟ್ ಹೂಗಳು.

ಆ ದಿನ ಡಬ್ಬ ಹಿಡಿದುಕೊಂಡವಳು ಟಾಮ್ಸಿನ್. ಪ್ರೀಸ್ ಟೈ ಕಟ್ಟಿ ಬಂದಿದ್ದರು. ಅಂಗಳದ ಕಲ್ಲುಹಾಸಿನ ಮೇಲೆ ನಿಂತು, ಶಾಲೆಯಲ್ಲಿ ಪ್ರಾರ್ಥನೆ ಹೇಳಿಸುವ ಅದೇ ಧ್ವನಿಯಲ್ಲಿ, “ತಮ್ಮ ಜಮೀನಿನಲ್ಲಿ ಊರವರಿಗೆ ಓಡಾಡಲು ದಯೆಯಿಂದ ದಾರಿ ಬಿಟ್ಟುಕೊಟ್ಟಿರುವ ಶ್ರೀ ಬಫ್ಟನ್ ಅವರಿಗೆ ಆಶ್‌ಲೋ ಜನರ ಪರವಾಗಿ ಕೃತಜ್ಞತೆಗಳು” ಎಂದರು. ಉಳಿದವರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಬಫ್ಟನ್ ಮುದುಕ ಪ್ರೀಸ್ ಕಡೆ ನೋಡಲಿಲ್ಲ. ಡಬ್ಬದ ಮುಚ್ಚಳ ತೆಗೆದು ಹೂಗಳನ್ನು ನೋಡಿದ. ಒಂದು ಹೂವನ್ನು ಹೆಬ್ಬೆರಳಿನಿಂದ, ಮುರಿಯದ ಹಾಗೆ, ಮುಟ್ಟಿದ. ಆಮೇಲೆ ಟಾಮ್ಸಿನ್‌ಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ವಿನ್ನಿ ಹೇಗಿದ್ದಾಳೆ?” ಅಂದ. ಚೆನ್ನಾಗಿದ್ದಾಳೆ ಎಂದು ಅವಳು ತಲೆಯಾಡಿಸಿದಳು. ಅವನು ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದ.

ಬಾಗಿಲಿಗೆ ಒರಗಿ ನಿಂತಿದ್ದವನು ಮಾರ್ಕಸ್, ಮುದುಕನ ತಮ್ಮನ ಮಗ. ಹೋದ ವರ್ಷದಿಂದ ಜಮೀನಿನ ಕಾರುಬಾರೆಲ್ಲ ಅವನದೇ. ಪಟ್ಟಣದವರಿಗೆ ಬಾಡಿಗೆಗೆ ಕೊಡಲು ಹುಲ್ಲುಗಾವಲಿನಲ್ಲಿ ಚಕ್ರದ ಮೇಲಿನ ಮರದ ಗುಡಿಸಲುಗಳನ್ನು ತಂದು ನಿಲ್ಲಿಸುತ್ತಿದ್ದ.

“ಚೆನ್ನಾಗಿ ಮಾತಾಡಿದ್ರಿ, ಪ್ರೀಸ್ ಅವರೇ,” ಅಂದ ಮಾರ್ಕಸ್. “ದಯೆಯಿಂದ ಬಿಟ್ಟುಕೊಟ್ಟ ದಾರಿ. ಪ್ರತಿ ವರ್ಷ ಹೀಗೇ ಹೇಳ್ತೀರಾ?”

“ಪ್ರತಿ ವರ್ಷ,” ಅಂದರು ಪ್ರೀಸ್, ಹೆಮ್ಮೆಯಿಂದ.

ಅದಾದ ಮುಂದಿನ ವಾರ ತೋಟದ ತಡಮೆಗೆ ಸರಪಳಿ ಬಿತ್ತು. ಬೇಲಿ ದಾಟಲು ಇದ್ದ ಆ ಎರಡು ಮರದ ಮೆಟ್ಟಿಲುಗಳನ್ನೂ ಕಿತ್ತು, ‘ಖಾಸಗಿ ಜಾಗ. ದಾರಿಯಿಲ್ಲ’ ಎಂಬ ಹಲಗೆ ನೆಟ್ಟಿದ್ದರು.

ಕೌನ್ಸಿಲ್ ಸಭೆ ಸೇರುವುದು ಊರಿನ ಸಭಾಂಗಣದಲ್ಲಿ. ಮೊದಲಿಗೆ ಸಾರ್ವಜನಿಕರ ಸರದಿ: ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತವರು ಯಾರು ಬೇಕಾದರೂ ತಲಾ ಮೂರು ನಿಮಿಷ ಮಾತಾಡಬಹುದು. ಸಮಯ ನೋಡಲು ಪ್ರೀಸ್ ಮೊಟ್ಟೆ ಬೇಯುವ ಹೊತ್ತು ಅಳೆಯುವ ಒಂದು ಗಡಿಯಾರ ಇಟ್ಟಿದ್ದರು. ಹಳದಿ ಕೋಳಿಯ ಆಕಾರದ್ದು. ಕುತ್ತಿಗೆ ತಿರುವಿ ಇಟ್ಟರೆ ಟಿಕ್ ಟಿಕ್ ಅನ್ನುತ್ತಾ ವಾಪಸು ತಿರುಗಿ ಕೊನೆಗೆ ಕಿರ್ರನೆ ಕೂಗುತ್ತದೆ. ಒಂದನೇ ಕ್ಲಾಸಿನಲ್ಲಿ ಅದೇ ಕೋಳಿಯ ಎದುರು ಟಾಮ್ಸಿನ್ ಮಗ್ಗಿ ಒಪ್ಪಿಸಿದ್ದಳು.

ಆ ತಿಂಗಳ ಸಭೆಯಲ್ಲಿ ಮೊದಲು ಎದ್ದು ನಿಂತವಳು ಬ್ರಾನ್ವೆನ್. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಇಗರ್ಜಿಯ ಹಿಂದಿನ ಸಾಲುಮನೆಯಲ್ಲಿ ಎರಡು ಮಕ್ಕಳೊಂದಿಗೆ ಇರುವವಳು. ಕಾರಿಲ್ಲ.

“ನಾನು ಜಿಲ್ಲಾ ಕಚೇರಿಯಲ್ಲಿ ಕೇಳ್ಕೊಂಡು ಬಂದಿದೀನಿ,” ಅಂದಳು. “ಇಪ್ಪತ್ತು ವರ್ಷ ಒಂದೇ ದಾರಿಯಲ್ಲಿ ಜನ ಎಲ್ಲರ ಕಣ್ಣೆದುರೇ, ಬೇಲಿ ಮುರಿಯದೆ, ಯಾರ ಅಪ್ಪಣೆಯನ್ನೂ ಕೇಳದೆ ನಡೆದಿದ್ರೆ ಆ ದಾರಿ ಜನರದ್ದು. ಕಾನೂನೇ ಹಾಗಿದೆ. ನಮ್ಮಜ್ಜ ನಡೆದಿದಾರೆ. ನೀವೆಲ್ಲ ನಡೆದಿದೀರಿ. ಕೌನ್ಸಿಲ್ಲು ಒಂದು ಮಾತು ಹೇಳಿದ್ರೆ ಸಾಕು, ಮುಂದಿನದು ಅವರು ನೋಡ್ಕೋತಾರೆ. ಮೊನ್ನೆ ಗಿರಣಿ ತಿರುವಲ್ಲಿ ಲಾರಿಯ ಕನ್ನಡಿ ನಮ್ಮ ಸಣ್ಣವಳ ಬ್ಯಾಗಿಗೆ ಹೊಡೀತು. ಬ್ಯಾಗು ಬೇಲಿ ಮೇಲೆ ಹೋಗಿ ಬಿತ್ತು. ಅವಳು ನನ್ನ ಕೈ ಹಿಡ್ಕೊಂಡಿದ್ಳು, ಇಲ್ದಿದ್ರೆ—”

ಕೋಳಿ ಕೂಗಿತು.

“ಧನ್ಯವಾದ, ಬ್ರಾನ್ವೆನ್,” ಅಂದರು ಪ್ರೀಸ್.

“ಮುಗಿದಿಲ್ಲ, ಸರ್.”

“ಸಮಯ ಮುಗೀತಲ್ಲಮ್ಮ. ಎಲ್ಲರಿಗೂ ಒಂದೇ ನಿಯಮ.”

ಆಮೇಲೆ ಎದ್ದ ಮಾರ್ಕಸ್‌ಗೆ ಮೂರು ನಿಮಿಷದ ಅಗತ್ಯವೇ ಬೀಳಲಿಲ್ಲ. “ಅಪ್ಪಣೆ ಕೇಳದೆ ನಡೆದಿದೀವಿ ಅಂತಾರೆ. ಹಾಗಾದ್ರೆ ವರ್ಷವರ್ಷ ಕೇಕು ತಂದು ‘ದಯೆಯಿಂದ ಬಿಟ್ಟುಕೊಟ್ಟಿರಿ’ ಅಂತ ಕೈಮುಗಿಯೋರು ಯಾರು? ತಮ್ಮದೇ ದಾರಿಗೆ ಯಾರಾದ್ರೂ ಉಪಕಾರ ಸ್ಮರಣೆ ಮಾಡ್ತಾರಾ? ನೀವು ಟಾರು ರಸ್ತೆಗೆ ಕೇಕು ಕೊಡ್ತೀರಾ?” ಎಂದ. ಒಂದಿಬ್ಬರು ನಕ್ಕರು. “ನನಗೆ ಜಗಳ ಬೇಡ. ಆ ದಾರಿ ಬಫ್ಟನ್ ಮನೆಯವರ ಔದಾರ್ಯ ಅಂತ ಕೌನ್ಸಿಲ್ಲು ಒಪ್ಪಿ ಒಂದು ಠರಾವು ಮಾಡ್ಲಿ. ಬಸ್ ನಿಲ್ದಾಣಕ್ಕೆ ಹೊಸ ಬೆಂಚು ನನ್ನದು. ಇನ್ಮುಂದೆ ಪ್ರತಿ ವರ್ಷ ಕ್ರಿಸ್ಮಸ್ ಮರವೂ ನನ್ನದೇ.”

“ಓಕ್ ಮರದ ಬೆಂಚಾ?” ಕೇಳಿದ ಡೆಸ್.

“ಓಕ್.”

“ಬೆಂಚಿಗೆ ಮಾರಿಕೊಂಡ ಊರು ಅಂತ ಅದರ ಮೇಲೇ ಕೆತ್ತಿಸಿ,” ಅಂದಳು ಬ್ರಾನ್ವೆನ್ ಗೋಡೆಯ ಪಕ್ಕದಿಂದ.

“ಸಾರ್ವಜನಿಕರ ಸರದಿ ಮುಗಿದಿದೆ,” ಅಂದರು ಪ್ರೀಸ್.

ದಾರಿಯ ವಿಷಯ ಬಹಳ ಸೂಕ್ಷ್ಮವಾದದ್ದೆಂದು ಅದನ್ನು ಜೂನ್ ಸಭೆಗೆ ಮುಂದೂಡಿದರು. ಅದಕ್ಕೆ ಹಿಡಿದದ್ದು ಒಂದು ಬಿಸ್ಕತ್ತು ಚಹಾದಲ್ಲಿ ನೆನೆಯುವಷ್ಟು ಹೊತ್ತು. ಉಳಿದ ಸಂಜೆಯೆಲ್ಲ ನಾಯಿ ತೊಟ್ಟಿಯ ಮುಚ್ಚಳಕ್ಕೆ. ಮುಚ್ಚಳ ಕಿರುಗುಟ್ಟುತ್ತದೆ, ಆ ಸದ್ದಿಗೆ ಮಾರ್ಜರಿಗೆ ನಿದ್ದೆ ಬರುವುದಿಲ್ಲ. ಎಣ್ಣೆ ಹಾಕಬೇಕೋ, ಮುಚ್ಚಳ ಬದಲಿಸಬೇಕೋ, ತೊಟ್ಟಿಯನ್ನೇ ಪಬ್ಬಿನ ಎದುರಿಗೆ ಸಾಗಿಸಬೇಕೋ. “ನನ್ನ ಪಬ್ಬಿಗೆ ಬರೋರ ಮೂಗು ಸರಿ ಇದೆ, ಮಾರ್ಜರಿ,” ಅಂದ ಡೆಸ್. “ಬಾಯಿ ರುಚಿ ಕೆಟ್ಟಿದ್ರೆ ಮೂಗು ಇದ್ದೇನು ಪ್ರಯೋಜನ,” ಅಂದಳು ಮಾರ್ಜರಿ. ಟಾಮ್ಸಿನ್ ಬರೆಯುತ್ತಲೇ ಇದ್ದಳು. ಬರೆಯುತ್ತಾ ಬರೆಯುತ್ತಾ ಪೆನ್ನಿನ ಮೊನೆ ಕಾಗದ ಹರಿದು ಕೆಳಗಿನ ಹಾಳೆಗೂ ಇಳಿದದ್ದು ಅವಳಿಗೇ ತಿಳಿಯಲಿಲ್ಲ. ಗೋಡೆಯ ಪಕ್ಕದಲ್ಲಿ ಬ್ರಾನ್ವೆನ್ ಇನ್ನೂ ಕೂತಿದ್ದಳು. ಮಡಿಲಲ್ಲಿ ಮಗಳ ಬ್ಯಾಗು. ತೋರಿಸಲೆಂದು ತಂದದ್ದು, ಅದರ ಸರದಿ ಬರುವ ಮೊದಲೇ ಕೋಳಿ ಕೂಗಿತ್ತು.

ಆ ರಾತ್ರಿ ದಿನಚರಿಯಲ್ಲಿ ಅವಳು ಬರೆದದ್ದು ಒಂದೇ ಸಾಲು: ‘ಮುಚ್ಚಳಕ್ಕೆ ಒಂದು ಸಂಜೆ, ಮಕ್ಕಳಿಗೆ ಒಂದು ಬಿಸ್ಕತ್ತು.’ ಬರೆದು ನೋಡಿದರೆ ತನ್ನ ಮೇಲೇ ಸಿಟ್ಟು ಬಂತು. ಸಾಲು ಚೆನ್ನಾಗಿತ್ತು. ಅದರಿಂದ ಯಾರಿಗೇನು ಬಂತು?

ಸಿಟ್ಟಿನ ಜೊತೆಗೆ ಇನ್ನೊಂದು ಮುಳ್ಳೂ ಅವಳನ್ನು ಚುಚ್ಚುತ್ತಿತ್ತು. ಬೆಳಿಗ್ಗೆ ಅಜ್ಜಿ ಅಡುಗೆಮನೆಯ ಮೇಜಿನ ಮೇಲೆ ಅವರೆಯಂಥ ದಪ್ಪ ಕಾಯಿಗಳನ್ನು ಹರಡಿಕೊಂಡು ಬಿಡಿಸುತ್ತಿದ್ದಾಗ ಅವಳು ಎದುರಿಗೆ ಕೂತು ಕೇಳಿದಳು:

“ಅಜ್ಜಿ, ಕೇಕಿನ ಮೇಲೆ ಹೂ ಯಾಕೆ?”

“ಯಾವ ಕೇಕು?”

“ದಾರಿಯ ಕೇಕು. ದಾರಿಗೆ ಥ್ಯಾಂಕ್ಸ್ ಹೇಳೋ ಕೇಕಿಗೆ ಯಾರಾದ್ರೂ ವಯೊಲೆಟ್ ಹೂ ಇಡ್ತಾರಾ? ಅದು ಮಕ್ಕಳ ಕೇಕಿನ ಹಾಗಿದೆ.”

ಅಜ್ಜಿಯ ಕೈ ನಿಂತಿತು. ಮತ್ತೆ ಒಂದು ಕಾಯಿ ಎತ್ತಿಕೊಂಡಳು. “ಡಿಗ್ರಿ ಮಾಡ್ಸಿದ್ದು ತಪ್ಪಾಯ್ತು,” ಅಂದಳು.

“ಅಜ್ಜಿ.”

“ಮಕ್ಕಳ ಕೇಕೇ ಅದು. ಎಡ್ವಿನ್‌ಗೆ ಒಬ್ಳು ಮಗಳಿದ್ಳು. ಹೇಜಲ್. ಎಂಟನೇ ಹುಟ್ಟುಹಬ್ಬಕ್ಕೆ ನಿಂಬೆ ಕೇಕೇ ಬೇಕು, ಮೇಲೆ ನೀಲಿ ಹೂವೇ ಬೇಕು ಅಂತ ನನ್ನ ಹತ್ರ ತಾನೇ ಬಂದು ಹೇಳಿ ಹೋಗಿದ್ಳು, ದೊಡ್ಡ ಹೆಂಗಸಿನ ಹಾಗೆ, ಸೊಂಟದ ಮೇಲೆ ಕೈ ಇಟ್ಕೊಂಡು. ನಾನು ಹೂ ಒಣಗಿಸಿ ಇಟ್ಟೆ. ಹುಟ್ಟುಹಬ್ಬಕ್ಕೆ ಮೊದಲೇ ಮಿದುಳು ಜ್ವರ ಬಂತು. ಬೆಳಿಗ್ಗೆ ತಲೆನೋವು ಅಂದ ಮಗು ಮಾರನೇ ಬೆಳಿಗ್ಗೆ ಇರ್ಲಿಲ್ಲ.”

ಅಜ್ಜಿ ಎದ್ದು, ಕುದಿಯುತ್ತಿದ್ದ ಕೆಟ್ಲನ್ನು ಒಲೆಯಿಂದ ಇಳಿಸಿ ಬಂದಳು.

“ಹುಟ್ಟುಹಬ್ಬದ ದಿನ ಬಂತು. ಹೂ ಮನೇಲಿದೆ. ಏನ್ಮಾಡ್ಲಿ? ಕೇಕು ಮಾಡ್ದೆ. ತಗೊಂಡು ತೋಟದ ದಾರೀಲಿ ಹೋದೆ. ಬಾಗಿಲು ತೆಗೆದವನು ಎಡ್ವಿನ್. ಏನು ಹೇಳೋದು? ನನ್ನ ಬಾಯಿಗೆ ಮಾತೇ ಬರ್ಲಿಲ್ಲ. ಡಬ್ಬ ಕೊಟ್ಟೆ, ಬಂದೆ. ಮುಂದಿನ ವರ್ಷವೂ ಅದೇ ದಿನ ಕೊಟ್ಟೆ, ಬಂದೆ. ಹಾಗೇ ನಡೀತು. ಒಂದು ವರ್ಷ ನನ್ನ ಕೈ ಮುರಿದಿತ್ತಲ್ಲ, ಕೇಕು ಹೇಗೋ ಮಾಡ್ದೆ, ಹೊತ್ಕೊಂಡು ಹೋಗೋಕಾಗ್ಲಿಲ್ಲ. ಪ್ರೀಸ್‌ಗೆ ಕೊಟ್ಟು ಕಳಿಸ್ದೆ. ಅವನ ಕ್ಲಾಸಲ್ಲೇ ಓದ್ತಿದ್ಳಲ್ಲ ಮಗು. ಅವನಿಗೆ ಗೊತ್ತಿತ್ತು. ಆದ್ರೆ ಅವನು ಹೆಡ್ಮಾಸ್ತರು ನೋಡು, ಸುಮ್ನೆ ಕೊಟ್ಟು ಬರೋಕಾಗಲ್ಲ. ನಾಲ್ಕು ಜನ ಕರ್ಕೊಂಡು ಹೋದ. ನಾಲ್ಕು ಜನ ಅಂದ್ಮೇಲೆ ಭಾಷಣ ಬೇಕು. ಭಾಷಣ ಅಂದ್ಮೇಲೆ ಏನಾದ್ರೂ ಹೇಳ್ಬೇಕು. ಮಗೂ ಹೆಸರು ಎತ್ತೋ ಧೈರ್ಯ ಇರ್ಲಿಲ್ಲ. ಸುತ್ತ ನೋಡಿದಾನೆ, ದಾರಿ ಕಾಣಿಸಿದೆ. ‘ದಾರಿಗಾಗಿ ಕೃತಜ್ಞತೆ’ ಅಂದ್ಬಿಟ್ಟ. ಎಲ್ಲರಿಗೂ ಉಸಿರು ಬಂದ ಹಾಗಾಯ್ತಂತೆ. ಅವತ್ತಿಂದ ಅದು ದಾರಿಯ ಕೇಕು.”

“ಮತ್ತೆ ನೀನು ಸುಮ್ನಿದ್ಯಾ?”

“ನಾನೇನು ಮಾಡ್ಬೇಕಿತ್ತು, ಮರಿ? ಪಂಚಾಯ್ತಿ ಸೇರ್ಸಿ ‘ಅಲ್ಲ, ಸತ್ತ ಮಗೂಗೆ’ ಅಂತ ಸಾರ್ಲಾ? ಅಂಥದನ್ನೆಲ್ಲ ಬಾಯಿಬಿಟ್ಟು ಹೇಳ್ತಾರಾ? ಎಡ್ವಿನ್‌ಗೆ ಗೊತ್ತು, ನನಗೆ ಗೊತ್ತು. ಸಾಕು.”

“ಈಗ ಆ ಮಾತನ್ನೇ ಹಿಡ್ಕೊಂಡು ದಾರಿ ಮುಚ್ಚಿದಾರೆ ಅಜ್ಜಿ. ಅಪ್ಪಣೆ ಕೇಳಿದ್ರಿ, ಕೇಕೇ ಸಾಕ್ಷಿ ಅಂತಿದಾರೆ. ಕೇಳಿದ್ದಾ ನೀನು ಯಾವತ್ತಾದ್ರೂ?”

“ಅಪ್ಪಣೆನಾ?” ಅಜ್ಜಿ ತಲೆ ಎತ್ತಿದಳು. “ಆ ದಾರೀಲಿ ನಡೆಯೋಕೆ ನಮ್ಮಪ್ಪನ ಅಪ್ಪಣೇನೇ ಕೇಳ್ತಿರ್ಲಿಲ್ಲ ನಾನು, ಎಡ್ವಿನ್‌ನ ಯಾಕೆ ಕೇಳ್ಲಿ?”

“ಹಾಗಾದ್ರೆ ಪ್ರೀಸ್ ಸರ್ ಹೇಳಿದ್ದು ಸುಳ್ಳು.”

“ಸುಳ್ಳಲ್ಲ ಮರಿ. ಸಂಕೋಚ.”

“ನಿಮ್ಮ ಸಂಕೋಚಕ್ಕೆ ಬ್ರಾನ್ವೆನ್ ಮಕ್ಕಳು ಲಾರಿ ಕೆಳಗೆ ಹೋಗ್ಬೇಕಾ?”

ಹೇಳಿದ ಮೇಲೆ ಟಾಮ್ಸಿನ್‌ಗೇ ಗಾಬರಿಯಾಯಿತು. ಈ ಮನೆಯಲ್ಲಿ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಇದೇ ಮೊದಲು. ಅಜ್ಜಿಗೂ ಅದು ನಾಟಿತು. ಬಿಡಿಸಿದ ಕಾಳುಗಳನ್ನು ಅಂಗೈಯಿಂದ ಒಟ್ಟು ಮಾಡುತ್ತಾ, “ನೀನು ಎಲ್ಲೂ ಹೇಳ್ಬೇಡ,” ಅಂದಳು. “ಆ ಹೆಸರನ್ನ ಅವನ ಎದುರು ಯಾರೂ ಎತ್ತಿಲ್ಲ. ಅವನ ಹೆಂಡ್ತೀನೂ ಸಾಯೋವರೆಗೂ ಎತ್ಲಿಲ್ಲ. ಮುದುಕ ತಡ್ಕೊಳಲ್ಲ.”

ಜೂನ್ ಸಭೆಯ ಕಾರ್ಯಸೂಚಿಗೆ ಸಹಿ ಹಾಕಿಸಲು ಟಾಮ್ಸಿನ್ ಪ್ರೀಸ್ ಮನೆಗೆ ಹೋದಾಗ ಅವರು ಗುಲಾಬಿಗೆ ಔಷಧಿ ಸಿಂಪಡಿಸುತ್ತಿದ್ದರು. ಕೊರಳ ಸ್ಕಾರ್ಫನ್ನು ಎರಡು ಸುತ್ತು ಸುತ್ತಿಕೊಂಡು ಹೋಗಿದ್ದಳು. ದಾರಿಯುದ್ದಕ್ಕೂ ಮಾತನ್ನು ಮನಸ್ಸಿನಲ್ಲೇ ಉರು ಹೊಡೆದಿದ್ದಳು.

“ಸರ್, ಕೇಕಿನ ವಿಷಯ. ಅಜ್ಜಿ ಹೇಳಿದ್ರು.”

ಪ್ರೀಸ್ ಸಿಂಪಡಿಸುವುದನ್ನು ನಿಲ್ಲಿಸಲಿಲ್ಲ. “ವಿನ್ನಿ ಹೇಳಬಾರದಿತ್ತು.”

“ಅದು ದಾರಿಗಲ್ಲ ಅಂತ ನಿಮಗೆ ಗೊತ್ತು.”

“ಟಾಮ್ಸಿನ್,” ಅಂದರು ಅವರು, ಮಗ್ಗಿ ತಪ್ಪಿದ ಹುಡುಗಿಯನ್ನು ತಿದ್ದುವ ಮೃದುವಾದ ದನಿಯಲ್ಲಿ, “ಕೆಲವು ವಿಷಯ ನಡಾವಳಿಗೆ ಸೇರುವಂಥದ್ದಲ್ಲ. ನಾನು ಆ ಮಗುವಿಗೆ ಪಾಠ ಹೇಳಿದವನು. ಅವಳ ಕೋಟು ತೂಗುಹಾಕೋ ಮೊಳೆ ವರ್ಷವಿಡೀ ಖಾಲಿ ಇತ್ತು. ಬೇರೆ ಮಗುವಿಗೆ ಕೊಡೋದಕ್ಕೆ ನನಗೆ ಆಗಲಿಲ್ಲ. ನಿನಗೇನು ಗೊತ್ತು? ಎಡ್ವಿನ್ ಎದುರು ನಿಂತು ಅದನ್ನ ಹೇಳೋಕಾಗುತ್ತಾ? ನಾನು ಅವನನ್ನ ಕಾಪಾಡಿದೆ.”

ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅದನ್ನು ಕಂಡು ಟಾಮ್ಸಿನ್‌ಗೆ ಮರುಕ ಬರಬೇಕಿತ್ತು. ಬಂತು ಕೂಡ. ಅದರ ಹಿಂದೆಯೇ, ಹಾಲಿನ ಕೆಳಗೆ ಬೆಂಕಿ ಹೆಚ್ಚಾದ ಹಾಗೆ, ಸಿಟ್ಟು ಉಕ್ಕಿತು. ಮುದುಕನನ್ನು ಕಾಪಾಡಿದ್ದಂತೆ. ತಾವು ಅವನ ಮುಖ ನೋಡುವ ಕಷ್ಟದಿಂದ ತಮ್ಮನ್ನು ಕಾಪಾಡಿಕೊಂಡರು. ಒಂದು ಮಗುವಿನ ಹುಟ್ಟುಹಬ್ಬವನ್ನು ಕಸಿದು ಅದಕ್ಕೆ ಠರಾವಿನ ಅಂಗಿ ತೊಡಿಸಿದರು. ಆ ಅಂಗಿಯನ್ನು ಈಗ ಮಾರ್ಕಸ್ ತೊಟ್ಟು ಮೆರೆಯುತ್ತಿದ್ದಾನೆ. ಇನ್ನೂ ಬದುಕಿರುವ ಮಕ್ಕಳು ರಸ್ತೆಗೆ ಬಿದ್ದರು. ಎಲ್ಲರೂ ಸಭ್ಯರು, ಒಬ್ಬರಾದರೂ ಕೆಟ್ಟವರಲ್ಲ.

ಇದನ್ನೆಲ್ಲ ಅವಳು ಹೇಳಿದ್ದು ವಾಪಸು ಬರುವಾಗ, ಸರಪಳಿ ಹಾಕಿದ ತಡಮೆಗೆ.

“ಸಹಿ ಹಾಕಿದೀನಿ,” ಅಂದಿದ್ದರು ಪ್ರೀಸ್, ಕಾಗದ ಹಿಂದಿರುಗಿಸುತ್ತಾ. “ದಾರಿಯ ಠರಾವನ್ನ ತೊಟ್ಟಿಗಿಂತ ಮೊದಲೇ ಇಟ್ಟಿದೀಯಲ್ಲ, ಒಳ್ಳೇದು. ಬೇಗ ಮುಗೀಲಿ.”

ಜೂನ್ ಸಭೆಗೆ ಸಭಾಂಗಣದ ಕಿಟಕಿಗಳನ್ನೆಲ್ಲ ತೆರೆದಿದ್ದರು. ಹೊಸದಾಗಿ ಕೊಯ್ದ ಹುಲ್ಲಿನ ವಾಸನೆ ಒಳಗೆ ಬರುತ್ತಿತ್ತು. ಮಾರ್ಕಸ್ ದೊಡ್ಡಪ್ಪನನ್ನೂ ಕರೆತಂದಿದ್ದ. ಠರಾವಾದ ಮೇಲೆ ಊರವರು ಅವನ ಎದುರಿನಲ್ಲೇ ಕೃತಜ್ಞತೆಯ ಒಂದು ಮಾತು ಹೇಳಿದರೆ ಚೆಂದ ಎಂದು. ಬಫ್ಟನ್ ಮುದುಕ ಗೋಡೆಯ ಪಕ್ಕದ ಕೊನೆಯ ಕುರ್ಚಿಯಲ್ಲಿ, ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು, ಬಸ್ಸಿಗೆ ಕಾಯುವವನ ಹಾಗೆ ಕೂತಿದ್ದ. ಅಲ್ಲಿಂದ ಮೂರು ಕುರ್ಚಿ ಆಚೆಗೆ ಬ್ರಾನ್ವೆನ್. ಈ ಸಲ ಬ್ಯಾಗನ್ನು ಮೊದಲೇ ಎತ್ತಿ ಹಿಡಿದು ತೋರಿಸಿದಳು. ಪಟ್ಟಿ ಕಿತ್ತು ಜೋತಾಡುತ್ತಿತ್ತು.

“ಇದು ಬ್ಯಾಗು. ಮುಂದಿನ ಸಲ ಏನು ತಂದು ತೋರಿಸ್ಲಿ ಅಂತ ನೀವೇ ಹೇಳಿ,” ಅಂದಳು. “ದಾರಿ ಬೇಕು ಅನ್ನೋದಕ್ಕೆ ಎಷ್ಟು ಪೆಟ್ಟಾಗಿರ್ಬೇಕು ಅಂತ ಒಂದು ಅಳತೆ ಕೊಡಿ. ಅಷ್ಟು ಆದ್ಮೇಲೆ ಬರ್ತೀನಿ.” ಇಷ್ಟು ಹೇಳಿ ಕೋಳಿ ಕೂಗುವ ಮೊದಲೇ ತಾನೇ ಕೂತಳು.

ಸದಸ್ಯರು ತಮ್ಮ ತಮ್ಮ ಚಹಾದ ಬಟ್ಟಲಿನೊಳಗೆ ನೋಡಿಕೊಂಡರು. ಡೆಸ್ ಬಿಸ್ಕತ್ತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ತುಂಬ ನೋವಿನ ಮಾತು,” ಅಂದರು ಪ್ರೀಸ್. “ಆದರೆ ಮಾರ್ಕಸ್ ಹೇಳೋದನ್ನೂ ಅಲ್ಲಗಳೆಯೋ ಹಾಗಿಲ್ಲ. ಇಷ್ಟು ವರ್ಷ ನಾವೇ ಕೃತಜ್ಞತೆ ಹೇಳ್ತಾ ಬಂದಿದೀವಿ. ಈಗ ನಮ್ಮದೇ ದಾರಿ ಅಂದ್ರೆ ಕೃತಘ್ನತೆ ಆಗುತ್ತೆ. ಸಾರ್ವಜನಿಕರಲ್ಲಿ ಇನ್ನು ಯಾರಾದ್ರೂ ಮಾತಾಡೋರಿದ್ರೆ… ಇಲ್ಲ ಅಂದ್ಕೋತೀನಿ.”

ಟಾಮ್ಸಿನ್ ಪೆನ್ನು ಕೆಳಗಿಟ್ಟಳು. ತಾನು ಎದ್ದು ನಿಂತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಕುರ್ಚಿ ಹಿಂದಕ್ಕೆ ಸರಿದ ಸದ್ದಿನಿಂದ.

“ಏನಮ್ಮ, ನೀರು ಬೇಕಾ?” ಅಂದರು ಪ್ರೀಸ್.

ಅವಳು ತಲೆಯಾಡಿಸಿದಳು.

“ಗುಮಾಸ್ತೆ ಮಾತಾಡೋ ಹಾಗಿಲ್ಲ, ಅಧ್ಯಕ್ಷರೇ,” ಅಂದಳು ಮಾರ್ಜರಿ. “ನಿಯಮ ಅಂದ್ರೆ ನಿಯಮ.”

ಅದೂ ನಿಜವೇ. ಟಾಮ್ಸಿನ್ ಮೇಜನ್ನು ಬಳಸಿಕೊಂಡು ನಡೆದಳು. ಆ ಸಭಾಂಗಣ ಅವಳಿಗೆ ಎಂದೂ ಅಷ್ಟು ಉದ್ದ ಅನಿಸಿರಲಿಲ್ಲ. ಗೋಡೆಯ ಪಕ್ಕದ ಸಾಲಿಗೆ ಹೋಗಿ, ಬ್ರಾನ್ವೆನ್‌ಗೂ ಮುದುಕನಿಗೂ ನಡುವೆ ಖಾಲಿಯಿದ್ದ ಕುರ್ಚಿಯಲ್ಲಿ ಕೂತಳು. ಕೂತು, ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ, ಕೈ ಎತ್ತಿದಳು.

“ಇಲ್ಲಿ ಕೂತ್ರೆ ಅವಳು ಊರಿನವಳೇ,” ಅಂದ ಡೆಸ್. “ನೋಡಿ ಮಾರ್ಜರಿ, ನಿಯಮ ಅಂದ್ರೆ ನಿಯಮ.”

ಪ್ರೀಸ್ ಅವಳನ್ನೇ ನೋಡುತ್ತಿದ್ದರು. ಅವಳು ಏನು ಹೇಳಲು ಎದ್ದಿದ್ದಾಳೆಂದು ಆ ಕೋಣೆಯಲ್ಲಿ ತಿಳಿದಿದ್ದವರು ಅವರೊಬ್ಬರೇ. ಬೇಡ ಎಂದು ಅವರ ಕಣ್ಣು ಹೇಳಿತು. ಕೈ ಮಾತ್ರ ಅಭ್ಯಾಸದಂತೆ ಕೋಳಿಯ ಕುತ್ತಿಗೆ ತಿರುವಿ ಇಟ್ಟಿತು.

ಟಿಕ್ ಟಿಕ್ ಶುರುವಾಯಿತು. ಎದೆಯ ಮೇಲಿಂದ ಬಿಸಿ ಏರತೊಡಗಿದ್ದು ಅವಳಿಗೆ ಗೊತ್ತಾಯಿತು. ಉಸಿರಿಗೆ ಜಾಗ ಸಾಲದೆ ಸ್ಕಾರ್ಫನ್ನು ಎಳೆದು ತೆಗೆದಳು. ಕೆಂಪು ತೇಪೆಗಳು ಎಲ್ಲರ ಎದುರು ಬಯಲಾಗಿ ನಿಂತವು. ಮಾರ್ಜರಿ ಒಮ್ಮೆ ನೋಡಿ, ಮರ್ಯಾದೆಗೆಂದು ಬೇರೆ ಕಡೆ ತಿರುಗಿದಳು. ಆ ತಿರುಗುವಿಕೆಯನ್ನು ಟಾಮ್ಸಿನ್ ಕಂಡಳು. ಈ ಊರು ಎಷ್ಟು ಚೆನ್ನಾಗಿ ಬೇರೆ ಕಡೆ ತಿರುಗುತ್ತದೆ. ತನ್ನ ಕುತ್ತಿಗೆಯಿಂದ, ಬ್ರಾನ್ವೆನ್‌ಳ ಬ್ಯಾಗಿನಿಂದ, ಒಬ್ಬ ಮುದುಕನ ಮುಖದಿಂದ. ಅವಳು ಉರು ಹೊಡೆದು ತಂದಿದ್ದ ಕಾನೂನಿನ ಮಾತು, ಕೃತಜ್ಞತೆ ಬೇರೆ ಅಪ್ಪಣೆ ಬೇರೆ ಎಂಬ ವಾದ, ಎಲ್ಲ ತಲೆಯಿಂದ ಹೊರಟುಹೋಯಿತು. ಕೋಳಿ ಅರ್ಧಕ್ಕಿಂತ ಹೆಚ್ಚು ತಿರುಗಿತ್ತು. ಮಾರ್ಕಸ್ ಗಡಿಯಾರ ನೋಡಿಕೊಂಡ.

ಅವಳು ಅಧ್ಯಕ್ಷರ ಕಡೆಯಿಂದ ಮುಖ ತಿರುಗಿಸಿದಳು. ಪಕ್ಕದಲ್ಲಿದ್ದ ಬಫ್ಟನ್ ಅವಳ ಕಡೆಗೇ ನೋಡುತ್ತಿದ್ದ. ಡಬ್ಬದ ಮುಚ್ಚಳ ತೆಗೆದಾಗ ಹೂಗಳನ್ನು ನೋಡಿದ ಅದೇ ನೋಟ. ಟೋಪಿಯ ಮೇಲಿದ್ದ ಅವನ ಹೆಬ್ಬೆರಳು ಅಲುಗಾಡುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಯಾರಾದರೂ ಬಂದು ಹೇಳಲಿ ಎಂದೇ ಅವನು ಅಲ್ಲಿ ಕೂತಿದ್ದಾನೇನೋ ಎಂದು ಅವಳಿಗೆ ಅನಿಸಿತು.

“ಬಫ್ಟನ್ ಅವರೇ,” ಅಂದಳು ಟಾಮ್ಸಿನ್. ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. “ಆ ಕೇಕು ದಾರಿಗಲ್ಲ. ಹೇಜಲ್‌ಗೆ. ಯಾವತ್ತಿದ್ರೂ ಅದು ಹೇಜಲ್‌ಗೇ.”